ದರಗು ಗುಡಿಸುವ ಕಾಲದಲ್ಲಿ ಹಾವು ಗುರುತಿಸುವುದು

ಶಿವರಾತ್ರಿ ಹತ್ತಿರ ಬಂತು ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಬೆಟ್ಟದಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕೆಲಸ. ಹಾವು ನೋಡುವ ಹುಚ್ಚಿದ್ದವರಿಗೂ ಇದೇ ಒಳ್ಳೆ ಕಾಲ. ಚಳಿಗೆ ಬಿಲದಲ್ಲಿ, ಸೌದೆ ಒಟ್ಟಿಲಲ್ಲಿ ಮುದುಡಿದ್ದವು ಬಿಸಿಲು ಕಾಯಲು ಬರುತ್ತವೆ. ಮಂಜು ಬಿದ್ದ ದಿನ ಆರಕ್ಕೇ ಎದ್ದು ಹೋದರೆ ಏನೂ ಸಿಗುವುದಿಲ್ಲ. ತಿಂಡಿ ಮುಗಿಸಿ, ಒಂಬತ್ತರ ಮೇಲೆ ಬಿಸಿಲು ಬಿದ್ದ ಧರೆ, ತೋಟದ ಅಗಳ, ಗದ್ದೆ ಬದು ನೋಡಿ. ಗಂಬೂಟು ಇರಲಿ. ಎರಡು ಮಾರು ದೂರವೂ ಇರಲಿ.

ಬಣ್ಣ ನಂಬಬೇಡಿ. ಕೇರೆ ಹಳದಿಯೂ ಇದೆ, ಕಂದೂ ಇದೆ, ಕಪ್ಪೂ ಇದೆ. ಅದರ ತುಟಿ ನೋಡಿ, ಪೆನ್ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆಗಳು. ಕಣ್ಣು ದೊಡ್ಡದು. ನಾಗರ ಹಾವು ಹೆಡೆ ಬಿಚ್ಚದೆ ಹರಿದು ಹೋಗುವಾಗ ಕೇರೆ ಅಂದುಕೊಳ್ಳುವವರೇ ಜಾಸ್ತಿ. ಹೆಡೆ ಕಾಣಲಿಲ್ಲ ಅಂದಮಾತ್ರಕ್ಕೆ ನಾಗರ ಅಲ್ಲ ಅನ್ನಬೇಡಿ.

ನಾನೇ ಮೋಸ ಹೋಗಿದ್ದು ಕಟ್ಟು ಹಾವಿನಲ್ಲಿ. ರಾತ್ರಿ ಬಚ್ಚಲಲ್ಲಿ ಬಿಳಿ ಪಟ್ಟೆಯ ಹಾವು. ತೋಳ ಹಾವು, ವಿಷ ಇಲ್ಲ ಅಂತ ಬಕೆಟು ಹಿಡಿದು ಹೊರಟೆ. ಟಾರ್ಚು ಬಿಟ್ಟ ನನ್ನವಳು, "ರೀ, ಕುತ್ತಿಗೆ ಹತ್ತಿರ ಪಟ್ಟೆಯೇ ಇಲ್ಲವಲ್ಲ!" ಅಂದಳು. ಕಾಲು ತಣ್ಣಗಾಯಿತು. ತೋಳ ಹಾವಿಗೆ ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತದೆ. ಕಟ್ಟು ಹಾವಿನದು ಉಲ್ಟಾ: ತಲೆಯಿಂದ ಸ್ವಲ್ಪ ದೂರ ಬಿಟ್ಟು ಶುರು, ಬಾಲದ ಕಡೆ ಸ್ಪಷ್ಟ, ಹೆಚ್ಚಾಗಿ ಎರಡೆರಡು ಜೊತೆ. ಪಟ್ಟೆಯೇ ಇಲ್ಲದ ಕಟ್ಟು ಹಾವೂ ಉಂಟು. ಬೆನ್ನಿನ ನಡುವೆ ಉದ್ದಕ್ಕೂ ಆರು ಮೂಲೆಯ ದೊಡ್ಡ ಹುರುಪೆ ಇದ್ದರೆ ಅದೇ. ದೂರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಪೊರೆ ಸಿಕ್ಕರೆ ಅದರಲ್ಲೂ ಕಾಣುತ್ತದೆ. ಇದು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಊತವೂ ಇಲ್ಲ. ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಹೊರಡಿ. ಕಟ್ಟುವುದು, ಕೊಯ್ಯುವುದು, ಹಾವು ಹಿಡಿದು ಒಯ್ಯುವುದು ಯಾವುದೂ ಬೇಡ.

ದರಗಿನಲ್ಲಿ ನಿಜವಾದ ಹೆದರಿಕೆ ಕೊಳಕುಮಂಡಲದ್ದು. ಬೆನ್ನ ಮೇಲೆ ಮೂರು ಸಾಲು ಸರಪಳಿ ಮಚ್ಚೆ, ಕುಕ್ಕರಿನ ಹಾಗೆ ಬುಸ್ಸೆನ್ನುವ ಸದ್ದು. ಹೆಬ್ಬಾವಿನ ಮರಿ ಅಂತ ಎತ್ತಲು ಹೋದವರಿದ್ದಾರೆ! ಹೆಬ್ಬಾವಿನ ಮಚ್ಚೆ ಅಡ್ಡಾದಿಡ್ಡಿ, ಸಾಲಾಗಿರುವುದಿಲ್ಲ. ದರಗು ತಬ್ಬುವ ಮೊದಲು ಕೋಲಿನಿಂದ ಒಮ್ಮೆ ಕೆದಕಿ.

ಮಾರ್ಚ್ ಬಂದರೆ ಕಾಳಿಂಗ. ಹೆಣ್ಣು ಹುಡುಕಿಕೊಂಡು ಗಂಡು ಹಗಲಲ್ಲೇ ಓಡಾಡುತ್ತದೆ, ಆಗುಂಬೆ ಕಡೆ ಎರಡು ಗಂಡು ಕುಸ್ತಿಗೆ ಬಿದ್ದಿದ್ದೂ ಕಾಣಸಿಗುತ್ತದೆ. ನಮ್ಮ ಘಟ್ಟದ್ದೇ ಬೇರೆ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಅದಕ್ಕೆ ಕಾಳಿಂಗ ಅನ್ನುವ ನಮ್ಮ ಹೆಸರನ್ನೇ ಇಟ್ಟರು. ತಲೆಯ ಹಿಂದೆ ಜೋಡಿ ದೊಡ್ಡ ಹುರುಪೆ ಇರುತ್ತದೆ, ಆದರೆ ಅದನ್ನು ಎಣಿಸುವಷ್ಟು ಹತ್ತಿರ ಯಾಕೆ ಹೋಗ್ತೀರಿ? ಅದರ ಊಟವೇ ಹಾವು, ಕೇರೆ ಅಂದರೆ ಇಷ್ಟ. ಹಾಗಾಗಿ ತೋಟದಲ್ಲಿ ಕೇರೆಯೊಂದು ನನ್ನ ಕಾಲ ಬುಡದಲ್ಲೇ ಪರಿವೆ ಇಲ್ಲದೆ ಓಡಿದರೆ ನಾನು ಕೇರೆಯನ್ನು ನೋಡುವುದಿಲ್ಲ. ಅದು ಬಂದ ದಾರಿ ನೋಡುತ್ತೇನೆ.