ಸ್ಕ್ರೀನ್ ರೀಡರ್ ಓದಬಲ್ಲ ನೋಟ್ಸ್ ತಯಾರಿಸುವುದು ಹೇಗೆ?

ದೃಷ್ಟಿದೋಷವಿರುವ ವಿದ್ಯಾರ್ಥಿಗೆ ಲ್ಯಾಪ್‌ಟಾಪ್ ಕೊಡಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರುಂಟು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ, ತುಸು ಯಾಂತ್ರಿಕವಾಗಿಯಾದರೂ. ತೊಡಕಿರುವುದು ನಾವು ಕಳಿಸುವ ಫೈಲ್‌ನಲ್ಲಿ.

1. ಅಕ್ಷರವೋ, ಫೋಟೊವೋ?
ಪಿಡಿಎಫ್ ತೆರೆದು ಮೌಸ್‌ನಿಂದ ಒಂದು ಪದವನ್ನು ಆಯ್ಕೆ ಮಾಡಿ. ಆಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ. ಸ್ಕ್ರೀನ್ ರೀಡರ್‌ಗೆ ಖಾಲಿ ಹಾಳೆ ಇದ್ದಂತೆ. ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಚಿತ್ರದಲ್ಲಿನ ಕನ್ನಡ ಪಠ್ಯವಾಗುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದರಿಂದ ಮೂಲದೊಡನೆ ತಾಳೆ ನೋಡಲೇಬೇಕು.

2. ಫಾಂಟ್ ಪರೀಕ್ಷೆ
ಕನ್ನಡ ನೋಟ್ಸ್ ಎಡವುವುದು ಹೆಚ್ಚಾಗಿ ಇಲ್ಲೇ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ಒಂದು ಸಾಲಿನ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಕನ್ನಡ ಮಾಯವಾಗಿ ವಿಚಿತ್ರ ಚಿಹ್ನೆಗಳು ಬಂದರೆ ಅದು ಆಸ್ಕಿ. ಪರಿವರ್ತಕ ಬಳಸಿ ಇಡೀ ಕಡತವನ್ನು ಯುನಿಕೋಡ್‌ಗೆ ತನ್ನಿ; ಅದರಲ್ಲಿ ಕನ್ನಡ ಕಂಪ್ಯೂಟರಿಗೂ ಕನ್ನಡವೇ. ಮುಂದಿನ ನೋಟ್ಸ್ ಅನ್ನು ಯುನಿಕೋಡ್‌ನಲ್ಲೇ ಟೈಪಿಸಿದರೆ ಈ ಗೋಳೇ ಇಲ್ಲ.

3. ಶೀರ್ಷಿಕೆ
ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗದು. ವರ್ಡ್‌ನ ಸ್ಟೈಲ್ಸ್‌ನಲ್ಲಿ ಪಾಠದ ಹೆಸರಿಗೆ ‘ಹೆಡಿಂಗ್ 1’, ಉಪಭಾಗಗಳಿಗೆ ‘ಹೆಡಿಂಗ್ 2’ ಕೊಡಿ. ಎನ್‌ವಿಡಿಎ ಬ್ರೌಸ್ ಮೋಡ್‌ನಲ್ಲಿ (ಟೈಪಿಸದೆ ಬರೀ ಓದುವ ಸ್ಥಿತಿಯಲ್ಲಿ) ಎಚ್ ಕೀಲಿ ಒತ್ತಿದರೆ ವಿದ್ಯಾರ್ಥಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

4. ಚಿತ್ರಗಳಿಗೆ ಮಾತು
ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರಣೆ, ಬರೆಯಿರಿ. ‘ಹೃದಯದ ಚಿತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಬಲ ಹೃತ್ಕುಕ್ಷಿಯಿಂದ ರಕ್ತ ಶ್ವಾಸಕೋಶಕ್ಕೆ ಹೋಗುವುದನ್ನು ಬಾಣದ ಗುರುತು ತೋರಿಸುತ್ತದೆ’ ಎನ್ನಿ. ಪಾಠಕ್ಕೆ ಬೇಕಾದಷ್ಟು ಸಾಕು. ಬಣ್ಣದ ವರ್ಣನೆ ಬೇಡ. ಕೋಷ್ಟಕಗಳಲ್ಲಿ ಚೌಕಗಳನ್ನು ಒಂದಕ್ಕೊಂದು ಸೇರಿಸಬೇಡಿ.

5. ಉಳಿಸುವುದು, ಕೇಳಿ ನೋಡುವುದು
ಪಿಡಿಎಫ್ ಬೇಕೇ ಬೇಕೆಂದರೆ ‘ಸೇವ್ ಆಸ್’ ಮೂಲಕ ಮಾಡಿ. ‘ಪ್ರಿಂಟ್ ಟು ಪಿಡಿಎಫ್’ ನೀವು ಹಾಕಿದ ಶೀರ್ಷಿಕೆಗಳ ಗುರುತನ್ನೆಲ್ಲ ಅಳಿಸಿಬಿಡುತ್ತದೆ. ವರ್ಡ್ ಕಡತವನ್ನೇ ಕಳಿಸುವುದು ನನ್ನ ಮಟ್ಟಿಗೆ ಲೇಸು. ಕಳಿಸುವ ಮುನ್ನ ಪರದೆ ಆಫ್ ಮಾಡಿ, ಎನ್‌ವಿಡಿಎ ಹಚ್ಚಿ ಒಂದು ಪುಟ ಕೇಳಿ. ಆಮೇಲೆ ವಿದ್ಯಾರ್ಥಿಯನ್ನೂ ಕೇಳಿ: ಕೆಲವರು ಕಿವಿಯಿಂದ ಓದುತ್ತಾರೆ, ಕೆಲವರಿಗೆ ಬೆರಳಿಗೆ ತಾಕುವ ಚುಕ್ಕಿಗಳಲ್ಲಿ ಬರಹ ಮೂಡಿಸುವ ಬ್ರೈಲ್ ಡಿಸ್‌ಪ್ಲೇ ಇಷ್ಟ, ಅಲ್ಪದೃಷ್ಟಿಯವರಿಗೆ ದೊಡ್ಡ ಅಕ್ಷರವಷ್ಟೇ ಸಾಕಾಗಬಹುದು.