ಕಂಪ್ರೆಸರ್ ಗಾಳಿಯಲ್ಲಿ ಬರುತ್ತಿದ್ದ ನೀರನ್ನು ನಿಲ್ಲಿಸಿದ ಬಗೆ

ಮನೆಯ ವರ್ಕ್‌ಶಾಪ್‌ನಲ್ಲಿ ಕಂಪ್ರೆಸರ್ ಸ್ವಲ್ಪ ಹೊತ್ತು ಎಡೆಬಿಡದೆ ಓಡಿತೆಂದರೆ ಸ್ಪ್ರೇ ಗನ್‌ನಿಂದ ಬಣ್ಣದ ಜೊತೆಗೆ ನೀರಿನ ಹನಿಗಳೂ ಸಿಡಿದು, ಬಣ್ಣ ಒಣಗಿದ ಮೇಲೆ ಅಲ್ಲಲ್ಲಿ ಸಣ್ಣ ಕುಳಿಗಳು ಉಳಿಯುತ್ತಿದ್ದವು.

ಟ್ಯಾಂಕಿನ ತಳದ ವಾಲ್ವ್ ತೆರೆದು ನಿತ್ಯ ನೀರು ಬಸಿದರೂ ಪ್ರಯೋಜನವಾಗಲಿಲ್ಲ. ಟ್ಯಾಂಕಿನಿಂದ ಗಾಳಿ ಹೊರಬರುವ ಬಾಯಿಗೆ ಜೋಡಿಸಿದ ವಾಟರ್ ಸೆಪರೇಟರ್ ಹನಿಗಟ್ಟಿದ ನೀರನ್ನಷ್ಟೇ ಹಿಡಿಯುತ್ತದೆ. ಬಿಸಿ ಗಾಳಿಯಲ್ಲಿ ಆವಿಯಾಗಿರುವ ನೀರು ಅದನ್ನು ದಾಟಿ, ಮುಂದೆ ಹೋಸ್‌ನಲ್ಲಿ ತಣಿದು ಹನಿಯಾಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಬಳಸಿ ನೋಡಿದರೆ, ಅವೂ ಬೇಗನೆ ತೇವ ತುಂಬಿಕೊಂಡು ಬಣ್ಣ ಬದಲಿಸಿದವು.

ಕೊನೆಗೆ ಫಲಿಸಿದ್ದು ಗಾಳಿಯನ್ನು ಟ್ಯಾಂಕಿಗೆ ಸೇರುವ ಮೊದಲೇ ತಂಪಾಗಿಸುವ ಕ್ರಮ. ಗಾಳಿಯನ್ನು ಒತ್ತುವ ಪಂಪ್ ಹೆಡ್‌ನಿಂದ ಹೊರಡುವ ಮೂಲ ಕೊಳವೆಯ ಬದಲು, ಅದಕ್ಕಿಂತ ಕಿರಿದಲ್ಲದ ಸುಮಾರು 10 ಮೀಟರ್ ತಾಮ್ರದ ಕೊಳವೆಯನ್ನು, ಎಲ್ಲೂ ನೀರು ನಿಲ್ಲದಂತೆ ಮೇಲಿನಿಂದ ಕೆಳಕ್ಕೆ ಇಳಿಯುವ ಸುರುಳಿಯಾಗಿ ಸುತ್ತಿ, ಅದರ ಮುಂದೆ ಫ್ಯಾನ್ ಇರಿಸಿದೆ. ಸುರುಳಿಯ ಕೆಳತುದಿಗೆ ಲೋಹದ ಬಟ್ಟಲಿನ ಸೆಪರೇಟರ್, ಅದರ ನಂತರ ಗಾಳಿಯನ್ನು ಹಿಂದಕ್ಕೆ ಬಿಡದ ಟ್ಯಾಂಕಿನ ಚೆಕ್ ವಾಲ್ವ್. ಚೆಕ್ ವಾಲ್ವ್ ಟ್ಯಾಂಕಿಗೆ ಗಾಳಿ ಒಳಹೋಗುವ ಬಾಯಿಯಲ್ಲೇ ಉಳಿಯಬೇಕು. ಪಂಪ್ ನಿಂತಾಗ ಸುರುಳಿಯ ಒತ್ತಡ ಅನ್‌ಲೋಡರ್ (ಉಳಿದ ಗಾಳಿಯನ್ನು ಹೊರಬಿಡುವ ಸಣ್ಣ ವಾಲ್ವ್) ಮೂಲಕ ಹೊರಹೋಗದಿದ್ದರೆ ಮೋಟಾರು ಮತ್ತೆ ಚಾಲೂ ಆಗಲು ತಿಣುಕುತ್ತದೆ. ಪಂಪ್ ಮತ್ತು ಟ್ಯಾಂಕಿನ ನಡುವೆ ಮುಚ್ಚುವ ವಾಲ್ವ್ ಮಾತ್ರ ಎಂದಿಗೂ ಹಾಕಬಾರದು, ಅದು ಅಪಾಯಕಾರಿ.

ಈಗ ಸೆಪರೇಟರ್‌ಗೆ ತಲುಪುವ ಕೊಳವೆ ಕೈಗೆ ಬಿಸಿ ಎನಿಸುವುದಿಲ್ಲ, ಬಟ್ಟಲಿನಲ್ಲಿ ನೀರು ಕಣ್ಣಿಗೆ ಕಾಣುವಂತೆ ಸೇರುತ್ತದೆ. ಟ್ಯಾಂಕ್‌ನಲ್ಲಿ 8 ಬಾರ್ ಇರಿಸಿ, ರೆಗ್ಯುಲೇಟರ್‌ನಲ್ಲಿ 3 ಬಾರ್‌ಗೆ ಇಳಿಸಿ, ಅದರ ಮುಂದೆ ಸಿಲಿಕಾ ಜೆಲ್ ಡ್ರೈಯರನ್ನು ಬಣ್ಣದ ಕೆಲಸಕ್ಕೆ ಮಾತ್ರ ಜೋಡಿಸುತ್ತೇನೆ. ಗಾಳಿಯ ಲೈನಿಗೆ ಪಿವಿಸಿ ಪೈಪ್ ಬಳಸಬೇಡಿ. ಒತ್ತಡದಲ್ಲಿ ಒಡೆದರೆ ಚೂರುಗಳು ಸಿಡಿಯುತ್ತವೆ.