ಶಿಶುವಿನ ಕರುಳು: ಬ್ಯುಟಿರೇಟ್ ಹುಡುಕುವ ಮೊದಲು ಅಸಿಟೇಟ್ ಸರಿಯಾಗಿ ಅಳೆಯಿರಿ

ಕರುಳಿನ ಬ್ಯಾಕ್ಟೀರಿಯಾ ಆಹಾರವನ್ನು ಹುದುಗಿಸಿ ಮಾಡುವ ಕಿರು ಸರಪಳಿ ಕೊಬ್ಬಿನಾಮ್ಲಗಳ (ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್) ಮಾತು ಬಂದರೆ ಎಲ್ಲರ ಕಣ್ಣೂ ಬ್ಯುಟಿರೇಟ್ ಮೇಲೆ. ದೊಡ್ಡವರ ಮಟ್ಟಿಗೆ ಅದು ಸರಿಯೇ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಅದು. ಅದನ್ನು ಉರಿಸುವಾಗ ಕೋಶಗಳು ಆಮ್ಲಜನಕವನ್ನು ಖರ್ಚು ಮಾಡುತ್ತವೆ, ಒಳಪದರದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಆಗ ಎಚ್‌ಐಎಫ್-1 ಎಂಬ ಪ್ರೋಟೀನು ಒಡೆಯದೆ ಉಳಿದು ಕರುಳಿನ ತಡೆಗೋಡೆಗೆ (ಕರುಳಿನೊಳಗಿನದು ದೇಹಕ್ಕೆ ಸೋರದಂತೆ ತಡೆಯುವ ಒಳಪದರಕ್ಕೆ) ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಆದರೆ ಬರೀ ಎದೆಹಾಲು ಕುಡಿಯುವ ಮೂರು ತಿಂಗಳ ಕೂಸಿನ ಮಲದಲ್ಲಿ ಬ್ಯುಟಿರೇಟ್ ಇರುವುದೇ ಅತ್ಯಲ್ಪ. ಅಲ್ಲಿ ಸಿಂಹಪಾಲು ಅಸಿಟೇಟಿನದು, ಅದರ ಹಿಂದೆಯೇ ಲ್ಯಾಕ್ಟೇಟ್. ದೊಡ್ಡವರಲ್ಲಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಸುಮಾರು 60:20:20ರ ಅನುಪಾತದಲ್ಲಿರುತ್ತವೆ. ಆ ಲೆಕ್ಕವಿಟ್ಟುಕೊಂಡು ರೂಪಿಸಿದ ವಿಧಾನವನ್ನು ಶಿಶುವಿಗೆ ಹಾಗೇ ತೊಡಿಸಿದರೆ ಮಾದರಿ ಸಂಗ್ರಹದಿಂದ ಹಿಡಿದು ಕೋಶಗಳ ಪ್ರಯೋಗದವರೆಗೆ ಎಲ್ಲವೂ ಓರೆಯಾಗುತ್ತದೆ. ನಾವು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಅಸಿಟೇಟ್ ಇಷ್ಟೊಂದು ಏಕೆ ಎಂಬುದಕ್ಕೆ ಕಾರಣ ಬೈಫಿಡೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ. ಎದೆಹಾಲಿನ ಆಲಿಗೋಸ್ಯಾಕರೈಡ್‌ಗಳನ್ನು (ಕೂಸಿಗೆ ಜೀರ್ಣವಾಗದ ಸಕ್ಕರೆ ಸರಪಳಿಗಳನ್ನು) ತಿಂದು ಅದು ತನ್ನದೇ ದಾರಿಯಲ್ಲಿ ಎರಡು ಗ್ಲೂಕೋಸ್‌ನಿಂದ ಮೂರು ಅಸಿಟೇಟ್, ಎರಡು ಲ್ಯಾಕ್ಟೇಟ್ ಮಾಡುತ್ತದೆ. ಬ್ಯುಟಿರೇಟ್ ಮಾಡಲು ಅದಕ್ಕೆ ಬಾರದು. ಅನೆರೋಸ್ಟೈಪಿಸ್‌ನಂಥ ಬ್ಯಾಕ್ಟೀರಿಯಾ ಬಂದು ನೆಲೆಸಿ, ಈ ಅಸಿಟೇಟ್ ಮತ್ತು ಲ್ಯಾಕ್ಟೇಟನ್ನು ತಿನ್ನಲು ಶುರು ಮಾಡಿದ ಮೇಲಷ್ಟೇ ಬ್ಯುಟಿರೇಟ್ ಏರುತ್ತದೆ. ಸಾಮಾನ್ಯವಾಗಿ ಅದು ಗಟ್ಟಿ ಆಹಾರ ಶುರುವಾದ ನಂತರದ ಮಾತು. ಹಾಗಾಗಿ ಅಸಿಟೇಟ್‌ಗೂ ಲ್ಯಾಕ್ಟೇಟ್‌ಗೂ ಇರುವ ಅನುಪಾತ 1.5ರಿಂದ (ಮೇಲಿನ 3:2) ಎಷ್ಟು ದೂರ ಸರಿದಿದೆ ಎಂಬುದನ್ನು ನಾವು ಮೊದಲು ನೋಡುತ್ತೇವೆ. ಲ್ಯಾಕ್ಟೇಟ್ ಕುಸಿದು ಪ್ರೊಪಿಯೊನೇಟ್ ಏರಿದ್ದರೆ ವೈಲೊನೆಲ್ಲಾದಂಥ ಬ್ಯಾಕ್ಟೀರಿಯಾ ಲ್ಯಾಕ್ಟೇಟನ್ನು ತಿನ್ನುತ್ತಿರಬಹುದು. ಬ್ಯುಟಿರೇಟ್ ಏರಿದ್ದರೆ ಬೇರೆ ಗುಂಪು.

ಮಾದರಿ ಸಂಗ್ರಹದಲ್ಲೇ ಅರ್ಧ ಕೆಲಸ ಕೆಡುತ್ತದೆ. ಡೈಪರಿನ ಒಳಗಿರುವ ಹೀರುವ ಪಾಲಿಮರ್ ಮಲದ ನೀರನ್ನು ಎಳೆದುಕೊಳ್ಳುತ್ತದೆ, ಉಳಿದದ್ದು ಗಾಢವಾಗಿ ಕಾಣುತ್ತದೆ. ಮೂತ್ರ ಬೆರೆತರೆ ಅದಕ್ಕೆ ತದ್ವಿರುದ್ಧ. ಡೈಪರಿನ ಮೇಲೆ ನೀರು ಹೀರದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲಿಂದ ಮಾತ್ರ ಚಮಚವಿರುವ ಟ್ಯೂಬಿಗೆ ತೆಗೆದುಕೊಳ್ಳಬೇಕು. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು: ಎದೆಹಾಲಿನ ಕೂಸಿನ ಮಲದಲ್ಲಿ ಜೀರ್ಣವಾಗದೆ ಉಳಿದ ಸಕ್ಕರೆಗಳಿರುತ್ತವೆ. ಟ್ಯೂಬಿನೊಳಗೂ ಹುದುಗುವಿಕೆ ನಿಲ್ಲುವುದಿಲ್ಲ. ಅಸಿಟೇಟ್, ಲ್ಯಾಕ್ಟೇಟ್ ಏರುತ್ತಾ, ಪಿಎಚ್ ಇಳಿಯುತ್ತಾ ಹೋಗುತ್ತದೆ. ಕೂಡಲೇ ಐಸಿನಲ್ಲಿಟ್ಟು, ಒಂದು ಗಂಟೆಯೊಳಗೆ ಮೈನಸ್ 80 ಡಿಗ್ರಿಗೆ ಸೇರಿಸುವುದು ನಮ್ಮ ನಿಯಮ. ಇದು ಅತಿಯಾಯಿತು ಅನ್ನುವವರು ಒಂದೇ ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದನ್ನು ತಕ್ಷಣ, ಉಳಿದವನ್ನು ಕೋಣೆಯ ತಾಪದಲ್ಲಿ 2, 4 ಮತ್ತು 24 ಗಂಟೆ ಇಟ್ಟು ಫ್ರೀಜ್ ಮಾಡಿ ಅಳೆದು ನೋಡಲಿ. ವಾದ ಅಲ್ಲಿಗೆ ಮುಗಿಯುತ್ತದೆ.

ಪಿಎಚ್ ಅನ್ನು ತಾಜಾ ಮಾದರಿಯಲ್ಲೇ ಅಳೆದು ಬರೆದಿಡಿ. ಮುಂದಿನ ಹಂತಕ್ಕೆ ಅದು ಬೇಕೇ ಬೇಕು. ಅಸಿಟಿಕ್ ಆಮ್ಲದ ಪಿಕೆಎ (ಅದರ ಅರ್ಧ ಪಾಲು ಆಮ್ಲರೂಪದಲ್ಲಿರುವ ಪಿಎಚ್) 4.76. ಪಿಎಚ್ 7ರಲ್ಲಿ ಅದರ ಶೇ. 1ಕ್ಕೂ ಕಡಿಮೆ ಪಾಲು ಆವಿಯಾಗಬಲ್ಲ ಆಮ್ಲರೂಪದಲ್ಲಿರುತ್ತದೆ. ಪಿಎಚ್ 5ರಲ್ಲಿ ಶೇ. 36ರಷ್ಟು. ಬೈಫಿಡೊಬ್ಯಾಕ್ಟೀರಿಯಂ ತುಂಬಿದ ಮಲದ ಪಿಎಚ್ 5ರಿಂದ 6ರ ಆಸುಪಾಸು. ಇಂಥ ಮಾದರಿಯನ್ನು ಹಾಗೇ ಫ್ರೀಜ್ ಡ್ರೈ ಮಾಡಿದರೆ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದರೆ) ಅಸಿಟೇಟ್ ಪಂಪಿನ ಪಾಲಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಈ ನಷ್ಟ ಎಲ್ಲರಿಗೂ ಸಮನಾಗಿ ಆಗುವುದಿಲ್ಲ: ಎದೆಹಾಲಿನ ಗುಂಪಿನಲ್ಲಿ ಹೆಚ್ಚು, ಫಾರ್ಮುಲಾ ಹಾಲಿನ ಗುಂಪಿನಲ್ಲಿ ಕಡಿಮೆ. ಎರಡು ಗುಂಪುಗಳ ನಡುವಿನ ನಿಜವಾದ ವ್ಯತ್ಯಾಸವನ್ನೇ ಅದು ಅಳಿಸಿಹಾಕಬಹುದು. ಆದ್ದರಿಂದ ಹಸಿ ಮಾದರಿಯನ್ನೇ ಅಳೆಯುತ್ತೇವೆ, ನೀರಿನಂಶಕ್ಕೆ ಬೇರೊಂದು ತುಣುಕನ್ನು 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸುತ್ತೇವೆ. ಒಣಗಿಸಲೇಬೇಕಾದ ಅನಿವಾರ್ಯವಿದ್ದರೆ ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 9 ದಾಟಿಸಿ.

ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ (ಆವಿಯಾಗುವ ಆಮ್ಲಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) 200 ಮಿಲಿಗ್ರಾಂ ಹಸಿ ಮಲಕ್ಕೆ ಆಂತರಿಕ ಮಾನಕ (ನಡುವೆ ಆಗುವ ನಷ್ಟ ಲೆಕ್ಕಹಾಕಲು ಸೇರಿಸುವ, ಪ್ರಮಾಣ ಗೊತ್ತಿರುವ ವಸ್ತು) ಬೆರೆಸಿದ 1 ಮಿಲಿಲೀಟರ್ ತಣ್ಣನೆಯ ನೀರು, ಗಾಜಿನ ಮಣಿಗಳೊಂದಿಗೆ ಎರಡು ನಿಮಿಷ ವೋರ್ಟೆಕ್ಸ್, ನಂತರ 4 ಡಿಗ್ರಿಯಲ್ಲಿ 13,000 ಜಿ ಬಲದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್. ಮೇಲಿನ ತಿಳಿಯಲ್ಲಿ 500 ಮೈಕ್ರೋಲೀಟರ್ ತೆಗೆದು, ಫಾಸ್ಫಾರಿಕ್ ಆಮ್ಲದಿಂದ ಪಿಎಚ್ 2ಕ್ಕೆ ಇಳಿಸಿ, ಇನ್ನು ಕರಗದಷ್ಟು ಉಪ್ಪು ಬೆರೆಸಿ, 1 ಮಿಲಿಲೀಟರ್ ಡೈಎಥಿಲ್ ಈಥರ್‌ನಲ್ಲಿ ಹೊರತೆಗೆಯುತ್ತೇವೆ. ಮುಚ್ಚಳ ಬಿಗಿ, ಟ್ಯೂಬ್ ಐಸಿನಲ್ಲಿ. ಕಾಲಮ್ (ಆಮ್ಲಗಳು ಬೇರೆಬೇರೆಯಾಗುವ ಸಪೂರ ಕೊಳವೆ) ಎಫ್‌ಎಫ್‌ಎಪಿ, 30 ಮೀಟರ್ ಉದ್ದ, 0.25 ಮಿಲಿಮೀಟರ್ ಒಳವ್ಯಾಸ.

ಇಲ್ಲಿ ಎಚ್ಚರ ಬೇಕಾದದ್ದು ಅಸಿಟೇಟಿನ ವಿಷಯದಲ್ಲೇ. ಬ್ಯುಟಿರಿಕ್ ಆಮ್ಲ ಈಥರ್‌ಗೆ ಖುಷಿಯಿಂದ ದಾಟುತ್ತದೆ. ಅಸಿಟಿಕ್ ಆಮ್ಲಕ್ಕೆ ನೀರೇ ಹೆಚ್ಚು ಇಷ್ಟ, ಗಣನೀಯ ಪಾಲು ಕೆಳಗೇ ಉಳಿಯುತ್ತದೆ. 2-ಎಥಿಲ್‌ಬ್ಯುಟಿರಿಕ್ ಆಮ್ಲ ಒಳ್ಳೆಯ ಆಂತರಿಕ ಮಾನಕವೆಂದು ಎಲ್ಲರೂ ಬಳಸುತ್ತಾರೆ, ಆದರೆ ಅದು ಬ್ಯುಟಿರೇಟಿನ ನಡತೆಯನ್ನು ಹೇಳುತ್ತದೆಯೇ ಹೊರತು ಅಸಿಟೇಟಿನದಲ್ಲ. ಮಾನಕ ದ್ರಾವಣಗಳನ್ನು (ಹೋಲಿಕೆಗೆಂದು ಮಾಡಿದ, ಸಾಂದ್ರತೆ ಗೊತ್ತಿರುವ ದ್ರಾವಣಗಳನ್ನು) ನೇರವಾಗಿ ಈಥರ್‌ನಲ್ಲಿ ಕಲಸಿ ಚುಚ್ಚಿದರೆ ಮಾದರಿಯ ಅಸಿಟೇಟ್ ಇರುವುದಕ್ಕಿಂತ ಕಡಿಮೆ ಬರುತ್ತದೆ. ಪ್ರತಿ ಮಾನಕವನ್ನೂ ನೀರಿನಲ್ಲಿ ಮಾಡಿ, ಮಾದರಿಯಂತೆಯೇ ಆಮ್ಲ, ಉಪ್ಪು, ಈಥರ್ ದಾಟಿಸಬೇಕು. ಮಾಸ್ ಸ್ಪೆಕ್ಟ್ರೋಮೀಟರ್ ಇದ್ದವರು ಡ್ಯುಟೀರಿಯಂ ಮೂರಿರುವ ಅಸಿಟೇಟ್ ಹಾಕಿ 60 ಮತ್ತು 63ರ ಅಯಾನುಗಳನ್ನು ಹೋಲಿಸಿದರೆ ಚಿಂತೆಯೇ ಇಲ್ಲ. ಪ್ರತಿ ಸರಣಿಯಲ್ಲೂ ಬರಿ ನೀರಿನ ಬ್ಲಾಂಕ್ ಇರಲಿ. ಎಫ್‌ಎಫ್‌ಎಪಿ ಕಾಲಮಿನಲ್ಲಿ ಹಿಂದಿನ ಚುಚ್ಚುವಿಕೆಯ ಆಮ್ಲ ಭೂತಶಿಖರವಾಗಿ ಎದ್ದು ಬರುವ ಕಾಟವಿದೆ. ನಡುನಡುವೆ ಫಾರ್ಮಿಕ್ ಆಮ್ಲ ಚುಚ್ಚಿದರೆ ತೊಳೆದು ಹೋಗುತ್ತದೆ.

ಲ್ಯಾಕ್ಟೇಟ್, ಸಕ್ಸಿನೇಟ್ ಈ ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರಕ್ಕೆ ಸಿಗುವುದಿಲ್ಲ, ಅದರ ಜ್ವಾಲೆಯ ಡಿಟೆಕ್ಟರಿಗೆ ಫಾರ್ಮೇಟ್ ಕಾಣುವುದೇ ಇಲ್ಲ. ಅವಕ್ಕೆ ಅಯಾನ್ ಎಕ್ಸ್‌ಕ್ಲೂಷನ್ ಕಾಲಮ್, 5 ಮಿಲಿಮೋಲಾರ್ ಗಂಧಕಾಮ್ಲ, ನಿಮಿಷಕ್ಕೆ 0.6 ಮಿಲಿಲೀಟರ್ ಹರಿವಿನ, ದ್ರವದಲ್ಲೇ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ. ಶಿಶುವಿನ ಮಲದಲ್ಲಿ ಇದನ್ನು ಬಿಟ್ಟರೆ ಅರ್ಧ ಚಿತ್ರವೇ ಇಲ್ಲ.

ಇನ್ನು ತಡೆಗೋಡೆಯ ಪರೀಕ್ಷೆ. ಕರುಳಿನ ಒಳಪದರದ ಮಾದರಿಯಾಗಿ ಬಳಸುವ ಕ್ಯಾಕೊ-2 ಕೋಶಗಳನ್ನು 1.12 ಚದರ ಸೆಂಟಿಮೀಟರ್‌ನ, 0.4 ಮೈಕ್ರಾನ್ ರಂಧ್ರದ ಇನ್ಸರ್ಟ್‌ಗಳಲ್ಲಿ (ತಳದಲ್ಲಿ ರಂಧ್ರಗಳ ಪೊರೆಯಿರುವ ಬಟ್ಟಲುಗಳಲ್ಲಿ) 21 ದಿನ ಬೆಳೆಸುತ್ತೇವೆ, ಮೇಲೆ 0.5, ಕೆಳಗೆ 1.5 ಮಿಲಿಲೀಟರ್. ವಿದ್ಯುತ್ ರೋಧ (ಹೆಚ್ಚಿದ್ದಷ್ಟೂ ಕೋಶಪದರ ಬಿಗಿ) ಅಳೆಯುವ ಮೊದಲು ತಟ್ಟೆಯನ್ನು ಅರ್ಧ ಗಂಟೆ ಕೋಣೆಯ ತಾಪಕ್ಕೆ ಬಿಡಬೇಕು. ಇನ್‌ಕ್ಯುಬೇಟರಿನಿಂದ ತೆಗೆದ ಬಿಸಿಯಲ್ಲೇ ಅಳೆದರೆ ತಟ್ಟೆಯ ಮೊದಲ ಗುಳಿಗೂ ಕೊನೆಯ ಗುಳಿಗೂ ತಾಳೆಯಾಗುವುದಿಲ್ಲ. ಓದು 520 ಓಮ್, ಕೋಶವಿಲ್ಲದ ಖಾಲಿ ಇನ್ಸರ್ಟ್ 120 ಓಮ್ ಅಂದುಕೊಳ್ಳಿ: 400ನ್ನು 1.12ರಿಂದ ಗುಣಿಸಿ, 448 ಓಮ್ ಚದರ ಸೆಂಟಿಮೀಟರ್. ಭಾಗಿಸುವುದಲ್ಲ, ಗುಣಿಸುವುದು.

ಕೋಶಗಳಿಗೆ ಕೊಡುವ ಮಿಶ್ರಣವೂ ಶಿಶುವಿನದ್ದಾಗಿರಲಿ. ನಮ್ಮದು ಅಸಿಟೇಟ್ 40, ಲ್ಯಾಕ್ಟೇಟ್ 20, ಪ್ರೊಪಿಯೊನೇಟ್ 2, ಬ್ಯುಟಿರೇಟ್ 0.5 ಮಿಲಿಮೋಲಾರ್, ಎಲ್ಲವೂ ಸೋಡಿಯಂ ಲವಣಗಳು. ಇಷ್ಟನ್ನು ಬಫರಿನ ಮೇಲೆ ಸುಮ್ಮನೆ ಸುರಿದರೆ ಕರಗಿದ ಕಣಗಳ ಸಾಂದ್ರತೆ 120 ಮಿಲಿಆಸ್ಮೋಲ್‌ಗಿಂತ ಹೆಚ್ಚು ಏರುತ್ತದೆ, ಆಗ ನೀವು ಅಳೆಯುವುದು ಉಪ್ಪಿನ ಪರಿಣಾಮವನ್ನು. ಬಫರಿನಿಂದ ಅಷ್ಟೇ ಸೋಡಿಯಂ ಕ್ಲೋರೈಡ್ ಕಡಿಮೆ ಮಾಡಿ, ಅದರ ಜಾಗದಲ್ಲಿ ಇವನ್ನು ಸೇರಿಸಬೇಕು. ಬೈಫಿಡೊಬ್ಯಾಕ್ಟೀರಿಯಂ ಮಾಡುವುದು ಎಲ್-ಲ್ಯಾಕ್ಟೇಟ್, ಹಾಗಾಗಿ ಎರಡೂ ಕನ್ನಡಿ ರೂಪಗಳಿರುವ ಡಿಎಲ್ ಮಿಶ್ರಣದ ಬಾಟಲಿ ಬೇಡ. ನಾಲ್ಕು ಗಂಟೆಯ ಪ್ರಯೋಗದಲ್ಲಿ ಮೇಲೆ ಪಿಎಚ್ 6, ಕೆಳಗೆ 7.4 ಇಡುತ್ತೇವೆ. ಕ್ಯಾಲ್ಸಿಯಂ ಇಲ್ಲದ ಬಫರ್ ಮಾತ್ರ ಬೇಡವೇ ಬೇಡ, ಟೈಟ್ ಜಂಕ್ಷನ್‌ಗಳು (ಕೋಶಗಳ ನಡುವಿನ ಬಿಗಿ ಬೆಸುಗೆಗಳು) ಅದರಿಂದಲೇ ಬಿಚ್ಚಿಕೊಳ್ಳುತ್ತವೆ.

ಬ್ಯುಟಿರೇಟಿನ ಪ್ರಮಾಣ ಏರಿಸಿದಷ್ಟೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯದು. ಕ್ಯಾಕೊ-2ರಲ್ಲಿ 2 ಮಿಲಿಮೋಲಾರ್ ತಡೆಗೋಡೆಯನ್ನು ಬಿಗಿಗೊಳಿಸುತ್ತದೆ, 8 ಮಿಲಿಮೋಲಾರ್ ಅದನ್ನೇ ಸಡಿಲಿಸಿ ಕೋಶಗಳನ್ನು ಸಾಯಿಸುತ್ತದೆ. ಹುಟ್ಟಿದ ಇಲಿಮರಿಗಳ ಕರುಳಿಗೆ ಗಾಢವಾಗಿ ಕೊಟ್ಟಾಗ ಒಳಪದರಕ್ಕೆ ಗಾಯವಾದದ್ದೂ ದಾಖಲಾಗಿದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಿಷಯದಲ್ಲಿ ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೊತೆಗೆ ಕ್ಯಾಕೊ-2 ಕ್ಯಾನ್ಸರ್ ಕೋಶ: ಗ್ಲೂಕೋಸ್ ಸಿಕ್ಕರೆ ಅದನ್ನೇ ಉರಿಸಿ, ಬ್ಯುಟಿರೇಟನ್ನು ಉಳಿಸುತ್ತದೆ. ಉಳಿದದ್ದು ಒಳಗೆ ಸೇರಿ ಹಿಸ್ಟೋನ್ ಡಿಅಸಿಟೈಲೇಸ್ ಎಂಬ, ಜೀನ್ ನಿಯಂತ್ರಿಸುವ ಕಿಣ್ವವನ್ನು ತಡೆಯುತ್ತದೆ. ಆರೋಗ್ಯವಂತ ಕೋಶದಲ್ಲಿ ಸಿಗುವ ಉತ್ತರ ಬೇರೆ ಇರಬಹುದು. ಮುಖ್ಯ ಫಲಿತಾಂಶವನ್ನು ದೊಡ್ಡಕರುಳಿನ ಅಂಗಾಂಶದಿಂದ ಬೆಳೆಸಿದ ಪುಟ್ಟ ಕೋಶಗೋಳಗಳಾದ ಕೊಲೊನಾಯ್ಡ್‌ಗಳಲ್ಲಿ ಮತ್ತೊಮ್ಮೆ ನೋಡದೆ ಬರೆಯಬೇಡಿ.

ರೋಧ ಒಂದನ್ನೇ ನಂಬುವಂತಿಲ್ಲ. ಅದು ಅಯಾನುಗಳ ದಾರಿಯನ್ನು ಮಾತ್ರ ಹೇಳುತ್ತದೆ. ದೊಡ್ಡ ಅಣುಗಳು ನುಸುಳುವ ದಾರಿಯೇ ಬೇರೆ. ಅದಕ್ಕೆ 4 ಕಿಲೋಡಾಲ್ಟನ್‌ನ ಎಫ್‌ಐಟಿಸಿ-ಡೆಕ್ಸ್‌ಟ್ರಾನ್, ಅಂದರೆ ಹೊಳೆಯುವ ಬಣ್ಣ ಅಂಟಿಸಿದ ಸಕ್ಕರೆ ಸರಪಳಿಯನ್ನು, ಮೇಲೆ ಮಿಲಿಲೀಟರಿಗೆ 1 ಮಿಲಿಗ್ರಾಂ ಹಾಕಿ, ಎರಡು ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ ಕೆಳಗಿನಿಂದ 100 ಮೈಕ್ರೋಲೀಟರ್ ತೆಗೆದು, ಅಷ್ಟೇ ಬಫರ್ ತುಂಬಿಸಬೇಕು. ಆಮ್ಲದಲ್ಲಿ ಈ ಬಣ್ಣದ ಹೊಳಪು ಕುಂದುತ್ತದೆ. ಮೇಲಿನ ಪಿಎಚ್ 6ರ ದ್ರಾವಣವನ್ನು ಹಾಗೇ ಓದಿ ಆರಂಭದ ಸಾಂದ್ರತೆ ಎಂದು ಬರೆದರೆ ಅದು ಕಡಿಮೆಯಾಗಿ, ಸೋರಿಕೆ ಹೆಚ್ಚಾಗಿ ಕಾಣುತ್ತದೆ. ಎಲ್ಲ ಮಾದರಿಗಳನ್ನೂ ಪಿಎಚ್ 8ರ ಟ್ರಿಸ್ ಬಫರಿನಲ್ಲಿ ಹತ್ತು ಪಟ್ಟು ತೆಳುಮಾಡಿ, 485 ನ್ಯಾನೋಮೀಟರ್‌ನಲ್ಲಿ ಉತ್ತೇಜಿಸಿ 528ರಲ್ಲಿ ಓದಿ. ಫೀನಾಲ್ ರೆಡ್ ಬಣ್ಣವಿರುವ ಮಾಧ್ಯಮ ಬೇಡ.

ಮಲದ ಅಂಕಿಯನ್ನು ಕರುಳಿನೊಳಗಿನ ಉತ್ಪಾದನೆ ಎಂದು ಓದುವುದೂ ಸಲ್ಲ. ಉತ್ಪತ್ತಿಯಾದದ್ದರಲ್ಲಿ ಶೇ. 95ರ ಆಸುಪಾಸು ದಾರಿಯಲ್ಲೇ ಹೀರಲ್ಪಡುತ್ತದೆ, ನಮ್ಮ ಟ್ಯೂಬಿಗೆ ಬರುವುದು ಉಳಿಕೆ. ಮಲ ಬೇಗ ಹೊರಬಂದರೂ ಆ ಉಳಿಕೆ ಏರಬಲ್ಲದು. ತಡೆಗೋಡೆಯನ್ನು ಮಗುವಿನಲ್ಲೇ ನೋಡಬೇಕೆಂದರೆ ಲ್ಯಾಕ್ಟುಲೋಸ್-ಮ್ಯಾನಿಟಾಲ್ ಎಂಬ ಎರಡು ಬಗೆಯ ಸಕ್ಕರೆ ಕುಡಿಸಿ ಮೂತ್ರದಲ್ಲಿ ಅವುಗಳ ಅನುಪಾತ ನೋಡುವ ಪರೀಕ್ಷೆಯಿದೆ. ಸಣ್ಣ ಕೂಸಿನ ಮೂತ್ರವನ್ನು ಗಂಟೆಗಟ್ಟಲೆ ಪೂರ್ತಿ ಹಿಡಿಯುವುದೇ ಅದರ ಕಷ್ಟ. ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರಿಸುವ ಪ್ರೋಟೀನು) ಸೇರಿಸುವವರು ದೊಡ್ಡವರ ಗ್ರಾಂಗೆ 50 ಮೈಕ್ರೋಗ್ರಾಂ ಗಡಿಯನ್ನು ಬಿಟ್ಟುಬಿಡಿ, ಆರೋಗ್ಯವಂತ ಶಿಶುವಿನಲ್ಲೂ ಅದು ಎಷ್ಟೋ ಮೇಲಿರುತ್ತದೆ. ಪ್ರತಿ ಟ್ಯೂಬಿನ ಜೊತೆ ವಯಸ್ಸು ದಿನಗಳಲ್ಲಿ, ಹಾಲಿನ ಬಗೆ, ಗಟ್ಟಿ ಆಹಾರ ಶುರುವಾದ ದಿನ, ಆಂಟಿಬಯೋಟಿಕ್ ಕೊಟ್ಟ ವಿವರ, ಡೈಪರ್ ಬಿಚ್ಚಿದ ಮತ್ತು ಫ್ರೀಜ್ ಮಾಡಿದ ಸಮಯ ಇವಿಷ್ಟೂ ಇರಬೇಕು. ಇಲ್ಲದ ಟ್ಯೂಬನ್ನು ನಾವು ಸಾಲಿಗೆ ಸೇರಿಸುವುದಿಲ್ಲ.